ಗುಂಡು ಅಂದ ಮೇಲೆ ಗುಂಡಗಿರಬೇಡವೇ?

ಮಕ್ಕಳೇ, ನಿಮ್ಮ ಅಜ್ಜಿ ನಾಲ್ಕು ಜನರೆದುರು ಬಾಯಿ ಬಿಡುವವಳಲ್ಲ. ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಫ್ಲಾಟಿನಲ್ಲಿ ಅಷ್ಟು ವರ್ಷ ಇದ್ದರೂ ಕೆಳಗಿನ ಅಂಗಡಿಯವನಿಗೆ ನನ್ನ ದನಿ ಹೇಗಿದೆಯೆಂದು ಗೊತ್ತಿರಲಿಲ್ಲ. ಆದರೆ ಮನೆಯೊಳಗೆ ನಾನು ಸರ್ವಜ್ಞೆ. ಎಲ್ಲ ಅನಾಹುತಗಳೂ ಮನೆಯೊಳಗೇ ಹುಟ್ಟುವುದು!

ತೊಂಬತ್ತರ ದಶಕದ ಮಾತು. ನಿಮ್ಮ ಅಜ್ಜ ಒಂದು ಕಂಪನಿಯ ಸ್ಟೋರ್ ಕೀಪರ್. ಸ್ಟೋರೆಂದರೆ ತಗಡಿನ ಶೆಡ್ಡು. ಬೇಸಿಗೆಯಲ್ಲಿ ಒಳಗೆ ಹೋದ ಮನುಷ್ಯ ಸಂಜೆ ಹಪ್ಪಳವಾಗಿ ಹೊರಬರುತ್ತಿದ್ದ. ಆಫೀಸಿನಲ್ಲಿ ಏಸಿ ಕೋಣೆಯ ಒಂದು ಕುರ್ಚಿ ಖಾಲಿಯಾಗಿತ್ತು. ಅದು ಇವರಿಗೆ ಸಿಗಲೆಂದು ನಾನು ಹರಕೆ ಹೊರದ ದೇವರಿಲ್ಲ.

ಆಗಲೇ ಕಂಪನಿಯ ಧಣಿ, ಅಲ್ಲಿನವರು ಹೇಳುವ ಅರ್ಬಾಬ್, ಯಾವುದೋ ತಣ್ಣಗಿನ ದೇಶಕ್ಕೆ ಜಿಂಕೆ ಬೇಟೆಗೆ ಹೊರಟರು. ಕೋವಿ ಹಿಡಿದು ಅಭ್ಯಾಸವಿಲ್ಲ, ಆದರೆ ಜೊತೆಯ ದೊಡ್ಡವರೆಲ್ಲ ಹೋಗಿಬಂದಿದ್ದರು! ಯಾವ ಗುಂಡು ಬೇಕೆಂದು ಅಲ್ಲಿನ ಏಜೆಂಟನಿಗೆ ಮೊದಲೇ ಫ್ಯಾಕ್ಸ್ ಮಾಡಬೇಕಿತ್ತು. ನಿಮ್ಮ ಅಜ್ಜ ಚಹಾ ಕುಡಿಯುವಾಗ, "ನನ್ನ ಮಾವ ದೊಡ್ಡ ಬೇಟೆಗಾರ" ಎಂದು ಜಂಬ ಕೊಚ್ಚಿದ್ದರಂತೆ. ಕ್ಯಾಟಲಾಗ್ ಇವರ ಕೈಗೇ ಬಂತು. "ಸರಿಯಾದದ್ದು ಆರಿಸು, ಆಮೇಲೆ ಆ ಕುರ್ಚಿಯ ವಿಷಯ ಮಾತಾಡುವ" ಎಂದರಂತೆ ಅರ್ಬಾಬ್.

"ಎಂಥ ಮಾಡುವುದು ಮಾರಾಯ್ತಿ? ನನಗೆ ಗುಂಡುಸೂಜಿ ಬಿಟ್ಟರೆ ಬೇರೆ ಗುಂಡು ಗೊತ್ತಿಲ್ಲ!" ಎಂದು ಇವರು ತಲೆ ಮೇಲೆ ಕೈ ಹೊತ್ತು ಕೂತರು.

"ಬೇಟೆಗಾರನ ಮಗಳು ಎದುರಿಗಿರುವಾಗ ನಿಮಗೆಂಥ ಚಿಂತೆ?" ಎಂದೆ.

ನನ್ನಪ್ಪನಲ್ಲಿ ಒಂದು ಕೇಪಿನ ಕೋವಿ ಇತ್ತು, ನಿಜ. ಅದನ್ನು ತೆಂಗಿನಮರದ ಮಂಗಗಳನ್ನು ಓಡಿಸಲು ಆಕಾಶಕ್ಕೆ ಸಿಡಿಸುತ್ತಿದ್ದರು. ಬರೀ ಮದ್ದು, ಬರೀ ಸದ್ದು. ಈ ಸಣ್ಣ ವಿವರವನ್ನು ಆಗ ಹೇಳುವ ಅಗತ್ಯ ಕಾಣಲಿಲ್ಲ.

ಪುಟದಲ್ಲಿ ಎರಡು ಚಿತ್ರ. ಒಂದು ಪೆನ್ಸಿಲಿನಂತೆ ಚೂಪು. ಇನ್ನೊಂದು ದುಂಡು ಮೂತಿಯದು, ನಮ್ಮ ಮನೆಯ ಕುಟ್ಟಾಣಿಯ ಗುಂಡಿನ ಹಾಗೆ.

"ಚೂಪಿನದರ ಕೆಳಗೆ ಏರೋಡೈನಾಮಿಕ್ ಅಂತ ಬರೆದಿದ್ದಾರೆ. ಗಾಳಿ ಸೀಳಿಕೊಂಡು ಹೋಗ್ತದಂತೆ" ಎಂದರು ಇವರು.

"ಏರ್ ಅಂದರೆ ಗಾಳಿಯಲ್ವಾ? ಗಾಳಿಯ ಸಾಮಾನೆಲ್ಲ ಗುಂಡಗೇ ಇರುವುದು. ಬಲೂನು, ಫುಟ್‌ಬಾಲು, ಪೂರಿ! ಹೆಸರೇ ಗುಂಡು. ಚೂಪಿದ್ದರೆ ಸೂಜಿ ಅಂತ ಕರೀತಿರಲಿಲ್ವಾ?"

ಎದುರು ಫ್ಲಾಟಿನ ನೆಬೀಸಾ ಮೀನು ಕೊಡಲು ಬಂದವಳು ಬಾಗಿಲಲ್ಲೇ ನಕ್ಕಳು. ಅವಳೂ ನಮ್ಮ ಕರಾವಳಿಯವಳೇ. "ಅಕ್ಕಾ, ಈ ಬಂಗುಡೆಯ ಮೂತಿ ನೋಡಿ. ಚೂಪಿದ್ದದ್ದೇ ಮುಂದೆ ಹೋಗುವುದು."

"ಬಂಗುಡೆ ಈಜುವುದು ನೆಬೀಸಾ, ಗುಂಡು ಹಾರುವುದು!" ಎಂದು ಅವಳ ಬಾಯಿ ಮುಚ್ಚಿಸಿದೆ. ಬಂಗುಡೆ ಮಾತ್ರ ಇಟ್ಟುಕೊಂಡೆ.

ಆದರೂ ವೈಜ್ಞಾನಿಕ ಪರೀಕ್ಷೆ ಆಗಿಬಿಡಲಿ ಎಂದು ಚಪಾತಿ ಹಿಟ್ಟಿನಲ್ಲಿ ಎರಡು ಬಗೆಯ ಗುಂಡು ಮಾಡಿದೆ. ಶುಕ್ರವಾರ ರಜೆ. ನೆಬೀಸಾಳೂ ಸೇರಿ ಮೂವರೂ ಟೆರೇಸಿಗೆ ಹೋದೆವು. ಮರಳುಗಾಳಿ ಬೀಸುತ್ತಿತ್ತು. ಇವರು ಚೂಪಿನದನ್ನು ಎಸೆದರು. ಅದು ಗಾಳಿಯಲ್ಲಿ ಲಾಗ ಹಾಕಿ, ಕೆಳಗೆ ಕೂತಿದ್ದ ವಾಚ್‌ಮನ್‌ನ ಚಹಾದ ಲೋಟಕ್ಕೆ ಬಿತ್ತು! ಗುಂಡಗಿನದು ನೆಟ್ಟಗೆ ಹೋಗಿ ಡಿಶ್ ಆಂಟೆನಾಕ್ಕೆ ಠಣ್ಣೆಂದು ಬಡಿಯಿತು.

"ಖಲಾಸ್! ತೀರ್ಮಾನವಾಯಿತು!" ಎಂದೆ. ಕೆಳಗಿನಿಂದ ವಾಚ್‌ಮನ್ ಕೂಡ ಏನೋ ತೀರ್ಮಾನ ಹೇಳುತ್ತಿದ್ದ. ಅರಬಿಯಲ್ಲಿದ್ದುದರಿಂದ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮರುದಿನ ದುಂಡು ಮೂತಿಯ ಗುಂಡಿಗೇ ಫ್ಯಾಕ್ಸ್ ಹೋಯಿತು. ನಾನು ಏಸಿ ಕೋಣೆಯಲ್ಲಿ ಚಳಿಯಾದೀತೆಂದು ಇವರಿಗೆ ಸ್ವೆಟರ್ ಹೆಣೆಯತೊಡಗಿದೆ.

ಒಂದು ತೋಳು ಮುಗಿಯುವಷ್ಟರಲ್ಲಿ ಅರ್ಬಾಬ್ ವಾಪಸಾದರು. ಜಿಂಕೆ ಬಹಳ ದೂರದಲ್ಲಿತ್ತಂತೆ. ಗುಂಡು ಹೋಗುತ್ತಾ ಹೋಗುತ್ತಾ ಗಾಳಿಗೆ ಸೋತು, ತಗ್ಗಿ, ಜಿಂಕೆಯ ಕಾಲಬುಡದ ಮಣ್ಣಿಗೆ ಬಿತ್ತಂತೆ. ಜಿಂಕೆ ಓಡಲೂ ಇಲ್ಲವಂತೆ. ಚೂಪು ಗುಂಡಿನ ಗೆಳೆಯರೆಲ್ಲ ಹೊಟ್ಟೆ ಹಿಡಿದು ನಕ್ಕರಂತೆ.

"ಇದು ಯಾರ ಬುದ್ಧಿ ಅಂತ ಕೇಳಿದರಾ?" ಎಂದೆ, ಸೂಜಿ ಕೆಳಗಿಟ್ಟು.

"ಕೇಳಿದರು. ನನ್ನದೇ ಅಂದೆ."

"ಕುರ್ಚಿ?"

"ಮಾಫಿ" ಎಂದರು. ಅರಬಿಯಲ್ಲಿ 'ಇಲ್ಲ' ಎಂದರ್ಥ. ಕನ್ನಡದ ಮಾಫಿಯನ್ನು ನಾನು ಕೇಳಬೇಕಿತ್ತು. ಕೇಳುವ ಮೊದಲೇ ಅವರು ಆ ಒಂಟಿ ತೋಳನ್ನು ತಲೆಗೆ ಟೊಪ್ಪಿಯಂತೆ ಸಿಕ್ಕಿಸಿಕೊಂಡು, "ಶೆಡ್ಡಿನಲ್ಲಿ ಇದು ಸಾಕು, ಊಟ ಬಡಿಸು" ಎಂದರು. ನೆಬೀಸಾ ಅಂದೂ ಬಂಗುಡೆ ಕೊಟ್ಟಿದ್ದಳು, ಅದರ ಸಾರು ಇತ್ತು. ಚೂಪು ಮೂತಿಯನ್ನು ನನ್ನ ಕಡೆಗೇ ತಿರುಗಿಸಿಟ್ಟು ತಿಂದರು.

ಆ ಮೇಲೂ ಅವರು ನಿವೃತ್ತಿಯವರೆಗೆ ತಗಡಿನ ಶೆಡ್ಡಿನಲ್ಲೇ ಇದ್ದರು. ನಾನು ಪೂರಿ ಕರಿದಾಗಲೆಲ್ಲ ಒಂದನ್ನೆತ್ತಿ, "ಏರೋಡೈನಾಮಿಕ್!" ಎನ್ನುತ್ತಿದ್ದರು.

ಹೀಗೆ ನಮ್ಮ ವಂಶದಲ್ಲಿ ಬೇಟೆಗಾರರು ಇಬ್ಬರು. ನನ್ನಪ್ಪ, ಮತ್ತು ನಾನು. ಇಬ್ಬರ ಗುಂಡೂ ಒಂದು ಪ್ರಾಣಿಗೂ ತಾಗಲಿಲ್ಲ. ನಿಮ್ಮ ಅಜ್ಜನೊಬ್ಬರನ್ನು ಬಿಟ್ಟು!