ಹೊಗೆಗೆ ಹಗೆಯಾದ ಮಾವ

ನಾನು ಶಾಲೆ ಬಿಟ್ಟದ್ದು ೧೯೭೯ರಲ್ಲಿ, ಆರನೆಯ ಇಯತ್ತೆಯ ನಡುವೆ. ಬಿಟ್ಟದ್ದಕ್ಕೆ ನಾನೇನೂ ಅತ್ತವನಲ್ಲ. ಪಾಟಿ ಇಟ್ಟ ಕೈಯಲ್ಲಿ ಗಾರೆಯ ಕರಣಿ ಹಿಡಿದೆ, ಆ ಕೈಯನ್ನು ಇಂದಿನವರೆಗೆ ಯಾರ ಮುಂದೂ ಚಾಚಿಲ್ಲ. ಗೋಬರ್ ಗ್ಯಾಸಿನ ಗುಮ್ಮಟ ಕಟ್ಟುವುದು ನನ್ನ ಕಸುಬು. ಇಳಕಲ್ಲಿನಿಂದ ಬಾದಾಮಿಯವರೆಗೆ ನಾನು ಕಟ್ಟಿದ ಒಂದೇ ಒಂದು ಗುಮ್ಮಟ ಸೋರಿದ್ದರೆ ಬಂದು ಹೇಳಿರಿ! ಈ ಮಾತು ಆಡುವಾಗ ನನ್ನ ಎದೆ ತುಸು ಉಬ್ಬುತ್ತದೆ. ಉಬ್ಬಲಿ ಬಿಡಿ, ಗುಮ್ಮಟ ಕಟ್ಟುವವನ ಎದೆ ಉಬ್ಬದೆ ಇನ್ನಾರದ್ದು ಉಬ್ಬಬೇಕು?

ಆದರೆ ಈ ಕಸುಬಿಗೆ ನನ್ನನ್ನು ನೂಕಿದವರು ನನ್ನ ಮಾವ. ಮೊದಲು ತಾಯಿಯ ತಮ್ಮ, ಆಮೇಲೆ ಹೆಂಡತಿಯ ತಂದೆ. ಬೇವೂರಿನ ಕಡೆಯ ಒಕ್ಕಲುತನದ ಮನುಷ್ಯ, ತಲೆಗೆ ಕೇಸರಿ ರುಮಾಲು, ಬಾಯಲ್ಲಿ ಬೈಗುಳ. ಜಗತ್ತಿನಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ವೈರಿ. ಕೆಲವರಿಗೆ ಹೊಲದ ಬದುವಿನಾಚೆಯವನು, ಕೆಲವರಿಗೆ ಸ್ವಂತ ತಮ್ಮ. ನಮ್ಮ ಮಾವನ ವೈರಿ ಹೊಗೆ! ಬೀಡಿ ಹಚ್ಚಿದವನನ್ನು ಕಟ್ಟೆಯಿಂದ ಎಬ್ಬಿಸುತ್ತಿದ್ದರು. ಬಾಗಲಕೋಟೆಯ ಬಸ್ಸು ಊರ ಮುಂದೆ ನಿಂತು ಗುರುಗುಟ್ಟಿದರೆ ಡ್ರೈವರನ ಕಿಟಕಿಯ ಕೆಳಗೆ ಹೋಗಿ ನಿಲ್ಲುತ್ತಿದ್ದರು.

"ಏನ್ ಮಾಡಾಕತ್ತೀರಿ ಸಾಹೇಬ್ರ? ಬಸ್ಸ ನಡಸ್ತೀರೋ, ಸೊಳ್ಳಿ ಓಡಸ್ತೀರೋ?"

"ಸರೀರಿ ಯಜಮಾನ್ರ, ಗಾಲಿ ಕಾಲಮ್ಯಾಲ ಹೋದೀತು."

"ಕಾಲ ಹೋದ್ರ ಒಂದು ಕಾಲ ಉಳೀತೈತಿ. ಉಸರ ಹೋದ್ರ?"

ಊರವರು ನಕ್ಕು ಸುಮ್ಮನಾಗುತ್ತಿದ್ದರು. ನಾವು ಮನೆಯವರು ನಗುತ್ತಿರಲಿಲ್ಲ. ಆ ಉಸಿರು ಯಾರದ್ದು ಎಂದು ನಮಗೆ ಗೊತ್ತಿತ್ತು.

ಅದು ನಮ್ಮ ಅತ್ತೆಯದು. ೧೯೯೮ರ ಚಳಿಗಾಲದಲ್ಲಿ ಆಕೆ ಒಲೆಯ ಮುಂದೆ ಕೂತಲ್ಲಿಯೇ ವಾಲಿಬಿದ್ದರು. ಉಸಿರು ಹೋಗುತ್ತಿದೆ, ಒಳಗೆ ಬರುತ್ತಿಲ್ಲ. ಎತ್ತಿಕೊಂಡು ಬಾಗಲಕೋಟೆಯ ದವಾಖಾನೆಗೆ ಒಯ್ದೆವು. ಡಾಕ್ಟರು ಒಳ್ಳೆಯವರು, ಮುಚ್ಚಿಡದೆ ಹೇಳಿದರು. "ಇವರ ಎದ್ಯಾಗ ನಿಮ್ಮ ಒಲಿ ಕುಂತೈತಿ. ಇನ್ನ ಹೊಗಿ ಮುಂದ ಕೂಡಿಸಿದ್ರ, ಮುಂದಿನ ಸಲ ನನ್ನ ಕಡೆ ಕರಕೊಂಡು ಬರೂದು ಬ್ಯಾಡ."

ಇದಕ್ಕೆ ಮುಂಚಿನ ಮಾವ ಹೇಗಿದ್ದರು ಗೊತ್ತೆ? ರೊಟ್ಟಿಯನ್ನು ಹಂಚಿನಿಂದ ಇಳಿಸಿ ಕೆಂಡದ ಮೇಲೆ ನಿಲ್ಲಿಸಿ ಸುಡಬೇಕು, ಮೈತುಂಬ ಕರಿ ಬೊಕ್ಕೆ ಏಳಬೇಕು. ಬೊಕ್ಕೆ ಇಲ್ಲದ ರೊಟ್ಟಿಯನ್ನು ಗಂಗಾಳದಿಂದಲೇ ವಾಪಸು ಕಳಿಸುತ್ತಿದ್ದ ಜಮೀನ್ದಾರ! ಅಂಥವರು ದವಾಖಾನೆಯಿಂದ ಬಂದವರೇ ಅತ್ತೆಯನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿ, ಹಿತ್ತಲಲ್ಲಿ ಮೂರು ಕಲ್ಲು ಹೂಡಿ ತಾವೇ ರೊಟ್ಟಿ ಬಡಿಯಲು ಕೂತರು. ಆ ರೊಟ್ಟಿ ಗಂಗಾಳಕ್ಕೆ ಬಿದ್ದರೆ ಗಂಗಾಳ ನೆಗ್ಗುತ್ತಿತ್ತು. ಓಣಿಯ ಹೆಂಗಸರೆಲ್ಲ ಹಿತ್ತಲ ಗೋಡೆಯ ಮೇಲೆ ಸಾಲಾಗಿ ಮುಖ ಇಟ್ಟರು. ಅತ್ತೆಗೆ ಮಾತ್ರ ಅವಮಾನ. "ನಾ ಜೀವಂತ ಇರೂಮುಂದ ಇವರು ಒಲಿ ಮುಂದ ಕೂಡೂದಂದ್ರೇನು? ಇವತ್ತ ಸಂಜೀಕ ನಾನ ಹೊತ್ತಸ್ತೇನಿ" ಎಂದು ದಿನವೂ ಎದ್ದು ನಿಲ್ಲುವುದು, ಮಾವ ಕಟ್ಟಿಗೆಯನ್ನು ಕೋಣೆಯಲ್ಲಿಟ್ಟು ಕೀಲಿ ಹಾಕುವುದು!

ಸಿಲಿಂಡರು ಆಗ ಹಳ್ಳಿಗೆಲ್ಲಿತ್ತು? ಸರಕಾರದ್ದು ಹೊಗೆ ಇಲ್ಲದ ಒಲೆ ಎಂಬ ಯೋಜನೆಯೊಂದು ಬಂದು ಹೋಗಿತ್ತು. ಮಾವ ಅದರ ಬೆನ್ನು ಹತ್ತಿದರು. ಊರಲ್ಲಿ ತಲೆಯೆತ್ತಿದರೆ ಮಾಳಿಗೆಗೊಂದು ಸಿಮೆಂಟಿನ ಕೊಳವೆ ಕಾಣುತ್ತಿತ್ತು. ಮಾವನಿಗೆ ಆಸೆ ಬಂತು, ಒಂದೊಂದೇ ಮನೆಗೆ ಹೋಗಿ ಒಲೆ ತೋರಿಸಿರಿ ಎಂದರು. ಒಲೆ? ಮನೆಯವರು ಮುಖ ಮುಖ ನೋಡಿಕೊಂಡರು. ಲೆಕ್ಕಕ್ಕೆ ಬಂದವರು ಜೀಪಿನಿಂದ ಇಳಿಯದೆ ಕೊಳವೆ ನೋಡಿ ಎಣಿಸಿಕೊಂಡು ಹೋಗುತ್ತಿದ್ದರು. ಹಾಗಾಗಿ ನಮ್ಮವರು ಕೊಳವೆಯನ್ನಷ್ಟೇ ನಿಲ್ಲಿಸಿದ್ದರು. ಕೆಳಗೆ ಒಂದು ಮನೆಯಲ್ಲಿ ಜೋಳದ ಚೀಲ, ಇನ್ನೊಂದರಲ್ಲಿ ಅಜ್ಜಿಯ ಹಾಸಿಗೆ. ಒಬ್ಬನ ಮಾಳಿಗೆಯ ಕೊಳವೆಯ ಬುಡದಲ್ಲಿ ಕೋಳಿ ಕಾವು ಕೂತಿತ್ತು! "ದಿಲ್ಲಿ ಲೆಕ್ಕದಾಗ ಇದು ಹೊಗಿ ಇಲ್ಲದ ಊರಂತ" ಎಂದು ಮಾವ ಕಟ್ಟೆಯ ಮೇಲೆ ಕೂತುಬಿಟ್ಟರು.

ಮರುವಾರ ಇಳಕಲ್ಲಿಗೆ ಬಂದು ನನ್ನ ಬಾಗಿಲಲ್ಲಿ ನಿಂತರು. ನಾನು ಆಗ ಮನೆ ಕಟ್ಟುವ ಗವಂಡಿ.

"ಅಳಿಯಾ, ಗೋಬರ್ ಗ್ಯಾಸಿನ ಗುಮ್ಮಟ ಕಟ್ಟಾಕ ಕಲಿ."

"ಯಾರ ಕಲಸ್ತಾರ ಮಾವಾ?"

"ಹುನಗುಂದದಾಗ ಸರಕಾರದವರು ಕಲಸಾಕತ್ತಾರ. ನಿನ್ನ ಹೆಸರ ಬರಿಸಿ ಬಂದೇನಿ. ನಾಳೆ ಮುಂಜಾನೆ ಹೋಗು."

ಮಗಳನ್ನು ಕೊಟ್ಟವರ ಮಾತು! ಹೋದೆ, ಕಲಿತೆ. ನನ್ನ ಮೊದಲ ಗುಮ್ಮಟವೇ ಮಾವನ ಹಿತ್ತಲಿನದು. ಅರ್ಧಗೋಲದಲ್ಲಿ ಇಟ್ಟಿಗೆ ಕೂಡಿಸುವಾಗ ಒಂದೊಂದನ್ನೂ ಎರಡೆರಡು ಸಲ ಒತ್ತಿ ನೋಡುತ್ತಿದ್ದೆ. ತಪ್ಪಿದರೆ ಬೀಳುವುದು ಇಟ್ಟಿಗೆಯಷ್ಟೇ ಅಲ್ಲ ಎಂಬುದು ಗೊತ್ತಿತ್ತಲ್ಲ.

ಗುಮ್ಮಟವೇನೋ ನಿಂತಿತು. ಸಬ್ಸಿಡಿ? ಅದರ ಕಟ್ಟಳೆಯೇ ಬೇರೆ. ಮೊದಲು ನಾವು ಕಟ್ಟಬೇಕು, ಗ್ಯಾಸು ಹೊತ್ತಬೇಕು, ಸಾಹೇಬರು ಕಣ್ಣಾರೆ ಉರಿ ನೋಡಬೇಕು, ಆಮೇಲೆ ಹಣ. ಅದೂ ಮಾರ್ಚಿನೊಳಗೆ. ಮೊದಲ ಸಲ ಗುಮ್ಮಟ ತುಂಬಲು ಬಂಡಿಗಟ್ಟಲೆ ಸೆಗಣಿ ಬೇಕು. ಮಾವನ ಹತ್ತಿರ ಇದ್ದದ್ದು ಎರಡು ಎತ್ತು, ಒಂದು ಎಮ್ಮೆ. ಆ ಎಮ್ಮೆಯ ಹಿಂದೆ ಅವರು ಬುಟ್ಟಿ ಹಿಡಿದು ನಡೆಯುತ್ತಿದ್ದ ಭಕ್ತಿಯನ್ನು ನೀವು ನೋಡಬೇಕಿತ್ತು! ಬೇರೆ ಊರಿನ ಬಂಡಿಗಳನ್ನು ಅಡ್ಡಹಾಕಿ "ಎತ್ತು ದಣದಾವು, ಇಲ್ಲೇ ಬಿಚ್ಚರಿ, ಊಟ ಮಾಡಿ ಹೋಗ್ರಿ" ಎನ್ನುತ್ತಿದ್ದರು. ಊಟ ಯಾತಕ್ಕೆಂದು ಪಾಪ ಆ ಎತ್ತುಗಳಿಗೇನು ಗೊತ್ತು?

ಅತ್ತೆಯನ್ನು ಮಾತಾಡಿಸಲು ಬೀಗರು ನೆಂಟರು ಬಾಳೆಹಣ್ಣು, ಬಿಸ್ಕೀಟು ತರುತ್ತಿದ್ದರು. ಮಾವ ಎಲ್ಲ ಊರಿಗೂ ಹೇಳಿಕಳಿಸಿದರು: "ಬೀಮಾರಿ ಮಂದೀನ ನೋಡಾಕ ಬರೂಮುಂದ ಹಣ್ಣ ತರಬ್ಯಾಡ್ರಿ. ಎರಡ ಬುಟ್ಟಿ ಸೆಗಣಿ ತರ್ರಿ." ಬಂತು ನೋಡಿ! ನಮ್ಮ ದೊಡ್ಡವ್ವ ಇಳಕಲ್ ಸೀರೆಯ ಸೆರಗು ಹೊದ್ದು, ಹಣೆತುಂಬ ವಿಭೂತಿ ಹಚ್ಚಿ, ತಲೆಯ ಮೇಲೆ ಸೆಗಣಿಯ ಬುಟ್ಟಿ ಹೊತ್ತು ಬಸ್ಸು ಹತ್ತಿದರು. ಕಂಡಕ್ಟರು ಇಳಿ ಎಂದ. "ಬೀಗರ ಮನೀಗಿ ಬರಿಗೈಲೆ ಹೋಗ್ಲ್ಯಾ?" ಎಂದು ದೊಡ್ಡವ್ವ ಸೀಟಿನಲ್ಲಿ ಕೂತೇಬಿಟ್ಟರಂತೆ.

ಮಾರ್ಚ್ ಮುಗಿಯುವ ಮೊದಲು ಸಾಹೇಬರು ಬಂದರು. ಅಡುಗೆಮನೆಯಲ್ಲಿ ನಾವೆಲ್ಲ ಉಸಿರು ಹಿಡಿದು ನಿಂತೆವು. ಕಡ್ಡಿ ಗೀರಬೇಕಾದವರು ಸಾಹೇಬರಲ್ಲ ಎಂದರು ಮಾವ. ಹೊರಗಿನಿಂದ ಅತ್ತೆಯನ್ನು ಕರೆದುಕೊಂಡು ಬಂದರು. ಆಕೆ ತಿಂಗಳುಗಳ ಮೇಲೆ ತನ್ನ ಅಡುಗೆಮನೆಯ ಹೊಸ್ತಿಲು ದಾಟಿದ್ದು ಅಂದು. ಕಡ್ಡಿ ತಾಗಿತು, ನೀಲಿ ಉರಿ ಎದ್ದಿತು. ಅತ್ತೆ ಅಭ್ಯಾಸಬಲದಿಂದ ಸೆರಗನ್ನು ಮೂಗಿಗೆ ಹಿಡಿದರು. ಸ್ವಲ್ಪ ತಡೆದು ಮೆಲ್ಲಗೆ ಬಿಟ್ಟರು. ಕೆಮ್ಮಲಿಲ್ಲ.

ಮೊದಲ ರೊಟ್ಟಿ ಮಾವನ ಗಂಗಾಳಕ್ಕೆ ಬಂತು. ಬೆಳ್ಳಗೆ ಉಬ್ಬಿತ್ತು, ಒಂದೂ ಬೊಕ್ಕೆ ಇಲ್ಲ. ಅತ್ತೆ ಗಂಡನ ಮುಖವನ್ನೇ ನೋಡುತ್ತ ನಿಂತರು. ಮಾವ ಚಪ್ಪರಿಸಿ, "ಆಹಾ! ರೊಟ್ಟಿ ಅಂದ್ರ ಇದು! ಇಷ್ಟ ವರ್ಸ ಆ ಕೆಂಡದ ಕರಕ ತಿನ್ನಿಸಿ ನನ್ನ ಬಾಯಿ ಕೆಡಿಸಿಟ್ಟಿದ್ದಿ ನೋಡು!" ಎಂದರು. ಅವತ್ತೇ ಹಾರೆ ತಂದು ಹಳೆಯ ಒಲೆಯನ್ನು ಒಡೆಯಲು ನಿಂತರು. ಓಣಿಯ ಹಿರಿಯರು ಓಡಿಬಂದರು. ನಮ್ಮಲ್ಲಿ ಒಲೆ ಒಡೆಯುವುದೆಂದರೆ ಮನೆ ಒಡೆದಂತೆ, ಅಣ್ಣತಮ್ಮಂದಿರು ಬೇರೆಯಾದಂತೆ. "ಒಲಿ ಉಳಿದ್ರ ಮನಿ ಉಳಿಯೂದಿಲ್ಲ" ಎಂದವರೇ ಮಾವ ಹಾರೆ ಎತ್ತಿದರು.

ಆಮೇಲೆ ಎರಡು ಸಾವಿರದ ಆರೋ ಏಳೋ ಇರಬೇಕು, ಜೀಪಿನಲ್ಲಿ ಒಬ್ಬ ಕಲಿತ ಹುಡುಗ ಬಂದ. ದೂರದೇಶದ ಕಾರಖಾನೆಯವರು ತಾವು ಬಿಡುವ ಹೊಗೆಗೆ ಬದಲಾಗಿ ಹಣ ಕೊಡುತ್ತಾರೆ, ಕಟ್ಟಿಗೆ ಸುಡದೆ ಹೊಗೆ ತಪ್ಪಿಸಿದ ಮನೆಗಳಿಗೆ ಅದು ಸಲ್ಲುತ್ತದೆ, ಹೊಗೆಯಿಂದ ಆಕಾಶ ಬಿಸಿಯಾಗುತ್ತಿದೆ, ಮಳೆ ದಾರಿ ತಪ್ಪುತ್ತಿದೆ ಎಂದು ಚೆನ್ನಾಗಿ ತಿಳಿಸಿ ಹೇಳಿದ.

"ಅಂದ್ರ ಬರಲಾರದ ಹೊಗಿಗೆ ರೊಕ್ಕ ಕೊಡ್ತೀರಿ?"

"ಹೌದ್ರಿ ಯಜಮಾನ್ರ."

"ಅವರು ಅಲ್ಲಿ ಹೊಗಿ ಬಿಡೂದು ನಿಲ್ಲಸ್ತಾರೇನು?"

ಹುಡುಗ ಪ್ರಾಮಾಣಿಕ. "ಪೂರಾ ನಿಲ್ಲಸೂದಿಲ್ರಿ" ಎಂದ.

ಮಾವ ಅವನ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದರು. ಒಲೆ ಒಡೆದರೂ ಅದರ ಮೇಲಿನ ಗೋಡೆಗೆ ಅವರು ಸುಣ್ಣ ಬಳಿದಿರಲಿಲ್ಲ, ಬಳಿಯಲು ಬಿಟ್ಟಿರಲೂ ಇಲ್ಲ. ಜಂತಿಯವರೆಗೆ ಕಪ್ಪು. "ಬರಲಾರದ ಹೊಗಿ ಲೆಕ್ಕ ನೀ ಹಿಡಿ ತಮ್ಮಾ, ಬ್ಯಾಡನ್ನೂದಿಲ್ಲ. ಆದರ ಇದು ಬಂದ ಹೊಗಿ. ಇದನ್ನ ಕುಡದಾಕಿ ಹೊರಗ ಕುಂತಾಳ. ಇದರ ಲೆಕ್ಕ ಯಾರ ಕಡೆ ಕೇಳ್ಳಿ?" ಹುಡುಗ ಕೈಯಲ್ಲಿದ್ದ ಲೆಕ್ಕದ ಪುಸ್ತಕ ಮುಚ್ಚಿದ. ಮಾವನೇ ಅವನ ಬೆನ್ನು ತಟ್ಟಿ ಚಹಾ ಕುಡಿಸಿದರು, ಸೆಗಣಿ ಗ್ಯಾಸಿನದೇ. ಹಣ ಬಂತೇ ಎಂದಿರಾ? ಬಂತು. ಎಷ್ಟೋ ಕಾಲದ ಮೇಲೆ, ಒಂದು ಹೊಸ ಬರ್ನರ್ ಕೊಳ್ಳುವಷ್ಟು.

ಆ ವರ್ಷವೇ ಇರಬೇಕು. ಪಕ್ಕದೂರಿನಲ್ಲಿ ಗುಮ್ಮಟದ ಕೆಲಸಕ್ಕೆ ಮೊಪೆಡ್ಡಿನ ಮೇಲೆ ಹೊರಟಿದ್ದೆ. ದಾರಿಯ ಬದಿಯ ಹತ್ತಿ ಹೊಲದಲ್ಲಿ ಕೂಲಿಯ ಹೆಂಗಸರು ಮೂರು ಕಲ್ಲು ಹೂಡಿ ರೊಟ್ಟಿ ಸುಡುತ್ತಿದ್ದರು. ಹೊಗೆ ಎದ್ದಿತ್ತು. ಹೊಗೆಯ ಪಕ್ಕದಲ್ಲಿ, ದಾರಿಗೆ ಬೆನ್ನು ಮಾಡಿ ಕೂತ ಕೇಸರಿ ರುಮಾಲು! ಇಳಿದುಹೋಗಿ ನೋಡಿದರೆ ಹೊಗೆಯ ಪರಮವೈರಿ ಅಂಗೈಯಲ್ಲಿ ಕೆಂಡದ ರೊಟ್ಟಿ, ಅದರ ಮೇಲೆ ಗುರೆಳ್ಳು ಚಟ್ನಿ ಇಟ್ಟುಕೊಂಡು ಕಣ್ಣು ಮುಚ್ಚಿ ತಿನ್ನುತ್ತಿದ್ದಾರೆ. ರೊಟ್ಟಿಯ ಮೈತುಂಬ ಕರಿ ಬೊಕ್ಕೆ.

ಕಣ್ಣು ತೆರೆದರೆ ಎದುರಿಗೆ ನಾನು.

"ಅಳಿಯಾ, ನೀ ನನ್ನ ನೋಡಿಲ್ಲ."

"ಇಲ್ಲ ಮಾವಾ, ನಾ ನೋಡಿಲ್ಲ."

"ನಿಮ್ಮತ್ತಿಗಿ ಗೊತ್ತಾಗಬಾರದು. ನನಗ ಇದರ ಆಸೆ ಉಳದೈತಿ ಅಂತ ತಿಳೀತಂದ್ರ, ನಾಳೀನ ಮಣ್ಣ ಕಲಸಿ ಒಲಿ ಹೂಡ್ತಾಳ ಆಕಿ." ಬಾಯಿ ಒರೆಸಿಕೊಂಡು, ರುಮಾಲು ಬಿಚ್ಚಿ ಗಾಳಿಗೆ ಝಾಡಿಸಿ ಝಾಡಿಸಿ ಮತ್ತೆ ಸುತ್ತಿಕೊಂಡರು.

ಎರಡು ವರ್ಷದ ಮೇಲೆ ಮಾವ ಹೋದರು. ಜ್ವರವೆಂದು ಮಲಗಿದವರು ಏಳಲಿಲ್ಲ. ದಿನಕರ್ಮಗಳು ಮುಗಿದ ಮೇಲೆ ಅವರ ಅರಿವೆಗಳನ್ನು ಒಗೆಯಲು ಹಾಕುತ್ತ ನಾನು ರುಮಾಲಿಗೆ ಕೈ ಹಚ್ಚಿದೆ. ಅತ್ತೆ ಕೂತಲ್ಲಿಂದ ಕೈ ಚಾಚಿದರು.

"ಅದನ್ನ ಒಗೀಬ್ಯಾಡಪಾ. ಇಲ್ಲಿ ತಾ."

ಇಸಿದುಕೊಂಡು ಮುಖಕ್ಕೆ ಹಿಡಿದರು, ಉದ್ದಕ್ಕೆ ಉಸಿರೆಳೆದರು.

"ಹೊಲಕ್ಕ ಹೋಗಿ ರೊಟ್ಟಿ ತಿಂದ ಬರ್ತಿದ್ರು. ಹೊಗಿ ವಾಸನಿ ನನ್ನ ಮೂಗಿಗಿ ತಪ್ಪತೈತೇನು?"

"ಅತ್ತೀ, ನಿಮಗ ಗೊತ್ತಿತ್ತು? ಮತ್ತ ಒಂದಿನಾನೂ ಕೇಳಲಿಲ್ಲ?"

"ಕೇಳಿದ್ರ ಹೋಗೂದ ಬಿಡ್ತಿದ್ರು" ಎಂದರು ಅತ್ತೆ.

ಈಗ ನಾನು ಇಳಕಲ್ಲಿನಲ್ಲಿ ಇದ್ದೇನೆ. ಎಮ್ಮೆ ಎರಡು, ಹಿತ್ತಲಲ್ಲಿ ಗುಮ್ಮಟ ಒಂದು, ಕರಣಿ ಮೂರು, ಮೊಪೆಡ್ ಒಂದು. ನಮ್ಮಲ್ಲಿಗೇ ಬಂದಿರುವ, ಕೆಮ್ಮದ ಅತ್ತೆ ಒಬ್ಬರು. ಒಗೆಯದ ರುಮಾಲು ಒಂದು.