ಕಾರಿನ ಹಳದಿ ದೀಪ ಮತ್ತು ನನ್ನ ಭಕ್ತಿ

ಕೆಲವರಿಗೆ ಬಿ.ಪಿ. ಇರುತ್ತದೆ, ಕೆಲವರಿಗೆ ಸಕ್ಕರೆ. ನನಗಿದ್ದದ್ದು ಹಳದಿ ದೀಪ. ನನ್ನ ಹಳೆಯ ಕಾರಿನಲ್ಲಿ ಎಂಜಿನ್ ಚಿತ್ರದ ಆ ದೀಪ ಹತ್ತಿತೆಂದರೆ ಎದೆ ಧಸಕ್ಕೆನ್ನುತ್ತಿತ್ತು. ಗೋಕಾಕದ ನಮ್ಮ ಮೆಕ್ಯಾನಿಕ್ ಕಂಪ್ಯೂಟರ್ ಹಚ್ಚಿ ನೋಡಿ, "ಸೆನ್ಸರ್ ಹೋಗೇತ್ರಿ ಸರ್" ಎನ್ನುವನು. ಹೊಸದು ಹಾಕಿಸಿದರೆ ಮೂರು ವಾರ ನೆಮ್ಮದಿ, ಮತ್ತೆ ದೀಪ. ಸರ್ವಿಸ್ ಫೈಲು ನಮ್ಮ ಹೊಲದ ಕಾಗದಪತ್ರಕ್ಕಿಂತ ದಪ್ಪವಾಯಿತು.

ಹುಕ್ಕೇರಿಯ ನನ್ನ ಭಾಮೈದನಿಗೆ ಮೊದಲಿಂದಲೂ ಈ ಕಾರಿನ ಮೇಲೆ ಕಣ್ಣು. "ಮಾಮಾ, ಈ ರೋಗದ ಗಾಡಿ ಯಾಕ ಕಟಗೊಂಡ ಕುಂತೀರಿ? ಐತವಾರ ಬಂದು ಒಯ್ತೇನಿ" ಎಂದ. ನನ್ನಾಕೆಯೂ ಹೂಂಗುಟ್ಟಿದಳು. ನನಗೋ ಕರುಳು ಕಿತ್ತು ಬಂದಂತಾಯಿತು. ಮೂಡಲಗಿಯ ಬೀಗರ ಮನೆ ಮುಂದೆ ಕಾರಿನಿಂದ ಇಳಿದರೆ ಬರ್ರಿ ಬರ್ರಿ ಎನ್ನುವವರು, ಬಸ್ಸಿನಿಂದ ಇಳಿದು ಹೋದರೆ ನೀರು ಕೊಡಲೂ ತಡಮಾಡುತ್ತಾರೆ!

ಶನಿವಾರ ಅಮಾವಾಸ್ಯೆ. ಕೊಡುವ ಗಾಡಿಗೆ ಖರ್ಚೇಕೆಂದು ಈ ಸಲ ಹತ್ತಿದ ದೀಪವನ್ನು ಹಾಗೇ ಬಿಟ್ಟಿದ್ದೆ. ಇದೇ ಕೊನೆಯ ಪೂಜೆ ಎಂದು ಕಣ್ಣೀರು ಒರೆಸಿಕೊಂಡು ಬಾನೆಟ್ ಎತ್ತಿದೆ. ಚಕ್ರಕ್ಕೆ ನಿಂಬೆಹಣ್ಣು ಇಡುವುದು ಊರವರ ಪೂಜೆ. ಎಂಜಿನ್ನಿಗೇ ತೆಂಗಿನಕಾಯಿ ನೀರಿನ ಅಭಿಷೇಕ ಮಾಡುವುದು ನನ್ನದೇ ಸಂಶೋಧನೆ. ಕಾಯಿ ಒಡೆದು ಇನ್ನೇನು ಸುರಿಯಬೇಕು, ಅಡುಗೆಮನೆಯಿಂದ ಬಂದ ನನ್ನಾಕೆ ಚೀರಿದಳು.

"ಅಯ್ಯ ಶಿವನ! ಪ್ರತಿ ಅಮಾಸಿಗೂ ಇದರಾಗ ಕಾಯಿನೀರು ಸುರೀತಿದ್ರೇನ? ಗಾಡಿ ಗ್ಯಾರೇಜಿಗೆ ಹೋದಾಗೆಲ್ಲ ಆ ಮೆಕ್ಯಾನಿಕ್ಕಗ ಅಮಾಸಿ ಹೋಳಿಗಿ ಉಳದದ್ದು ಕಟ್ಟಿ ಕೊಟ್ಟೇನಿ. ಹೋಳಿಗಿ ಮಾಡಲಾರದ ವಾರದಾಗ ಒಮ್ಮೆರ ಇದು ಕೆಟ್ಟೈತೇನ್ರಿ?"

ನಾನು ಕಾಯಿ ಅಲ್ಲೇ ಬಿಟ್ಟು ಕಾರನ್ನು ಗ್ಯಾರೇಜಿಗೆ ಓಡಿಸಿದೆ. ಸೆನ್ಸರಿನ ವೈರು ಬಿಚ್ಚಿ ನೋಡಿದರೆ ಒಳಗೆಲ್ಲ ಅಂಟು, ಮೇಲೆ ಇರುವೆ. ಮೆಕ್ಯಾನಿಕ್ ತೊಳೆದು ಒರೆಸಿ ಜೋಡಿಸಿದ, ದೀಪ ಆರಿತು! "ಕಂಪ್ಯೂಟರ್‌ನ್ಯಾಗ ಕಾಯಿನೀರು ಅಂತ ಬರಂಗಿಲ್ರಿ ಸರ್" ಎಂದು ನಕ್ಕ. ನಾನು ಹತ್ತರಗಿವರೆಗೆ ಹೈವೇಯಲ್ಲಿ ಓಡಿಸಿ, ದಾರಿಯುದ್ದಕ್ಕೂ ಹಾರ್ನ್ ಬಾರಿಸುತ್ತ ಮರಳಿದೆ. ದೀಪ ಕಣ್ಣು ತೆರೆಯಲಿಲ್ಲ. ಆಹಾ, ಅಂಥ ಸುಖ ಮದುವೆಯ ದಿನವೂ ಸಿಕ್ಕಿರಲಿಲ್ಲ.

ಐತವಾರ ಭಾಮೈದ ಹೂವಿನ ಹಾರ ಹಿಡಿದೇ ಬಂದ. ನಾನು ಬಾನೆಟ್ ಮೇಲೆ ಕೈಯೂರಿ, "ಗಾಡಿ ಕೊಡಂಗಿಲ್ಲಪಾ!" ಎಂದು ಗರ್ಜಿಸಿದೆ. ನನ್ನಾಕೆ ಅವನ ಕೈಗೆ ಚಹಾ ಕೊಟ್ಟು ಸಮಾಧಾನ ಮಾಡಿದಳು. "ತಮ್ಮಾ, ಕೆಟ್ಟದ್ದು ಗಾಡಿ ಅಲ್ಲ. ಬೇಕಾದ್ರ ನಿಮ್ಮ ಮಾಮಾನ್ನ ಕರಕೊಂಡ ಹೋಗು."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಬ್ಯಾಡ ಬಿಡಕ್ಕಾ. ನಾ ಬಸ್ಸಿಗೇ ಹೋಗ್ತೇನಿ."