ಲಂಡನ್ ಬಾಮೈದನ ಸರ್ಕಾರಿ ಸೂಜಿ

ಸರ್ಕಾರದ ಒಳಮರ್ಮಗಳನ್ನು ಬಲ್ಲವನು ನಾನು. ಇದು ಜಂಬವಲ್ಲ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು ನಮ್ಮೂರು ಬಿಂಡಿಗನವಿಲೆ ಇಡಿಯಾಗಿ ಒಪ್ಪಿಕೊಂಡಿರುವ ಸತ್ಯ.

ನನ್ನ ಬಾಮೈದ ಪುಟ್ಟರಾಜು ಲಂಡನ್ನಿನಲ್ಲಿ ಬಸ್ಸು ಓಡಿಸುತ್ತಾನೆ. ಪಾಸ್‌ಪೋರ್ಟೂ ಅಲ್ಲಿಯದೇ. ಮೀಸೆ ಮಾತ್ರ ಅಪ್ಪಟ ನಾಗಮಂಗಲದ್ದು. ರಜಕ್ಕೆ ಬಂದವನನ್ನು ಶ್ರೀರಂಗಪಟ್ಟಣದ ಅರಮನೆ ನೋಡಲು ಕರೆದೊಯ್ದೆ. ಟಿಕೆಟ್ ಕಿಟಕಿಯ ಮೇಲೆ ಎರಡು ದರ: ನಮಗೊಂದು, ವಿದೇಶಿಯರಿಗೊಂದು. "ಬಾಯ್ ಮುಚ್ಕೊಂಡಿರ್ಲಾ" ಎಂದು ಗದರಿ, ನಮ್ಮ ದರದಲ್ಲೇ ಅವನನ್ನು ಒಳಗೆ ನುಗ್ಗಿಸಿದೆ. ಈ ದಿಗ್ವಿಜಯವೇ ಮುಂದಿನ ಅನಾಹುತಕ್ಕೆ ಅಡಿಗಲ್ಲು!

ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಜಯಮ್ಮ ತಮ್ಮನಿಗೆಂದು ಕುರಿ ಬಾಡಿನ ಸಾರಿಗೆ ಮಸಾಲೆ ಅರೆಯುತ್ತಿದ್ದಳು. ಆ ವಾಸನೆಗೆ ನಾನು ತಿಂಡಿ ಮುಗಿಯುವ ಮೊದಲೇ ಮಧ್ಯಾಹ್ನವಾಯಿತೇ ಎಂದು ವಿಚಾರಿಸಿದ್ದೆ. ಹೊರಗೆ ಪುಟ್ಟರಾಜು ನಮ್ಮ ನಾಯಿ ಕರಿಯನ ಎದುರು ಕುಕ್ಕರಗಾಲಲ್ಲಿ ಕೂತು, "ಗುಡ್ ಬಾಯ್, ಶೇಕ್ ಹ್ಯಾಂಡ್" ಎಂದು ಕೈ ಚಾಚಿದ. ಹುಟ್ಟಿದಾಗಿನಿಂದ "ಥೂ, ಹಚಾ!" ಬಿಟ್ಟು ಬೇರೆ ಮಾತು ಕೇಳದ ಕರಿಯನಿಗೆ ಇಷ್ಟೊಂದು ಮರ್ಯಾದೆ ಕಂಡು ಅನುಮಾನ ಬಂತು. ಕಚ್ಚಿಬಿಟ್ಟ!

ಜಯಮ್ಮ ಸೋಪು ಹಾಕಿ ಗಾಯ ತೊಳೆದಳು.

"ಪ್ರೈವೇಟಿಗೆ ಓಗಾನ ಭಾವ, ದುಡ್ಡು ನಾನು ಕೊಡ್ತೀನಿ," ಅಂದ ಪುಟ್ಟರಾಜು.

"ನಮ್ಮನೆ ನೆಂಟ, ನಮ್ಮನೆ ನಾಯಿ. ನಿನ್ ಕೈಲಿ ಕಾಸು ಬಿಚ್ಚಿಸಿದ್ರೆ ನಾನ್ಯಾವ ಸೀಮೆ ಭಾವ ಕಣ್ಲಾ? ಸರ್ಕಾರಿ ಆಸ್ಪತ್ರೆ ಐತೆ, ನಡಿ."

"ಅಲ್ಲೂ ಒರದೇಶದೋರು ದುಡ್ಡು ಕಟ್ಬೇಕೇನೋ! ನಮ್ ಲಂಡನ್ನಲ್ಲಿ ಊರೋರ್ಗೆ ಪುಕ್ಕಟೆ, ಬಂದೋರ್ಗೆ ಬಿಲ್ಲು."

ನನ್ನ ತಲೆಯೊಳಗೆ ಅರಮನೆಯ ಕಿಟಕಿ ತೆರೆದುಕೊಂಡಿತು. ಟಿಕೆಟ್ಟಿಗೇ ಎರಡು ದರವಿರುವಾಗ ಸೂಜಿಗೆ ಇರದೇ?

"ಇವತ್ತು ಮಧ್ಯಾಹ್ನದವರೆಗೆ ನೀನೇ ನಾನು," ಎಂದು ಘೋಷಿಸಿದೆ. "ಹೆಸರು ತಿಮ್ಮೇಗೌಡ, ವಯಸ್ಸು ಅರವತ್ನಾಲ್ಕು."

"ಭಾವ, ನಂಗೆ ನಲವತ್ತಾರು!"

"ತಣ್ಣನೆ ದೇಶದಲ್ಲಿ ಇಟ್ಟಿದ್ರು, ಕೆಟ್ಟಿಲ್ಲ ಅನ್ನು!"

"ನೆಟ್ಟಗೆ ಓಗಿ ನಿಜ ಏಳ್ಬಾರ್ದ?" ಎಂದಳು ಜಯಮ್ಮ. "ನಿಮ್ ತಲೆ ಓಡ್ದಾಗೆಲ್ಲಾ ಈ ಮನೇಲಿ ಏನಾರ ಒಂದು ಕೆಡ್ತದೆ."

ಆಸ್ಪತ್ರೆಯಲ್ಲಿ ನನ್ನ ಹೆಸರಿಗೆ ಚೀಟಿ ಮಾಡಿಸಿದೆ. "ಥ್ಯಾಂಕ್ಯೂ ಅನ್ಬೇಡ, ಸಾರಿ ಅನ್ಬೇಡ, ಮುಂದಿರೋನಿಗೆ ಅಂಟ್ಕೊಂಡು ನಿಂತ್ಕೊ" ಎಂದು ಬಾಮೈದನಿಗೆ ದೇಶೀಯತೆಯ ಪಾಠವನ್ನೂ ಮಾಡಿದೆ. ಅಷ್ಟರಲ್ಲಿ ಯಾರೋ ಅವನ ಕಾಲು ತುಳಿದರು. ತುಳಿಸಿಕೊಂಡವನೇ "ಸಾರಿ" ಅಂದ! ಆದರೂ ಡಾಕ್ಟರಮ್ಮ ಗಾಯ ನೋಡಿ, ಹೆಸರು, ವಯಸ್ಸು ಏನೂ ವಿಚಾರಿಸದೆ ಚೀಟಿಯಲ್ಲಿ ಇಂಜೆಕ್ಷನ್ ಬರೆದರು. ಇನ್ನೇನು, ಗೆದ್ದೆ! ಇಬ್ಬರೂ ಇಂಜೆಕ್ಷನ್ ಕೋಣೆಯ ಮುಂದೆ ಬೆಂಚಿನ ಮೇಲೆ ಕೂತೆವು.

"ತಿಮ್ಮೇಗೌಡ್ರು!" ನರ್ಸಮ್ಮ ಕೂಗಿದರು.

"ಓ!" ಎಂದು ಎದ್ದು ನಿಂತೆ.

ನಾನು!

ಹೆಸರು ಕೂಗಿದರೆ ಓಗೊಡುವುದು ಹುಟ್ಟಿದಾಗಿನ ಅಭ್ಯಾಸ. ಪುಟ್ಟರಾಜು ಕೂತೇ ಇದ್ದ. ಕೂಗಿದ್ದು ತನ್ನನ್ನೇ ಎಂಬುದು ಅವನಿಗೂ ಮರೆತಿತ್ತು. ಎದ್ದವನು ಮತ್ತೆ ಕೂತರೆ ಗುಟ್ಟು ರಟ್ಟು. ಹಾಗಾಗಿ ಹುತಾತ್ಮನ ಗಾಂಭೀರ್ಯದಿಂದ ಒಳಗೆ ನಡೆದೆ.

"ನಾಯಿ ಕಚ್ಚಿದ್ದಾ?"

"ಹೌದು."

ತೋಳಿಗೆ ಸೂಜಿ ಇಳಿಯಿತು.

"ಕೈ ಕೊಡಿ, ಗಾಯಕ್ಕೆ ಮುಲಾಮು ಹಚ್ಚಬೇಕು." ಎಡಗೈ ಕೊಟ್ಟೆ. ತಿರುಗಿಸಿ ನೋಡಿದರು. ಬಲಗೈ ಕೊಟ್ಟೆ. ಅದನ್ನೂ ನೋಡಿದರು. ಆಮೇಲೆ ಡಾಕ್ಟರಮ್ಮನನ್ನೇ ಕರೆತಂದರು.

"ಗಾಯ ಎಲ್ಲಿ?"

"ವಾಸಿಯಾಯ್ತು, ಮೇಡಂ."

"ಇಷ್ಟು ಬೇಗ?"

"ಔಷಧಿ ಒಳ್ಳೇದು!"

ಬಾಗಿಲಲ್ಲಿ ಪುಟ್ಟರಾಜು ಪ್ರತ್ಯಕ್ಷನಾದ. "ಸಾರಿ ಮೇಡಂ, ಕಚ್ಚಿಸ್ಕೊಂಡೋನು ನಾನು. ಲಂಡನ್ನೋನು. ಬಿಲ್ ಎಷ್ಟಾದ್ರೂ ಕಟ್ತೀನಿ."

ಡಾಕ್ಟರಮ್ಮ ನಮ್ಮಿಬ್ಬರನ್ನೂ ಸರದಿಯಲ್ಲಿ ನೋಡಿದರು. "ನಾಯಿ ಕಡಿತಕ್ಕೆ ಇಲ್ಲಿ ಯಾರ ಹತ್ರಾನೂ ದುಡ್ಡು ತಗೊಳ್ಳಲ್ಲ. ನಾಯಿ ಏನು ಪಾಸ್‌ಪೋರ್ಟ್ ನೋಡಿ ಕಚ್ಚುತ್ತಾ?"

ಹೊರಗಿನ ಸಾಲು ಗೊಳ್ಳೆಂದಿತು.

"ನಿಮಗೇನೂ ಆಗಲ್ಲ, ಹೋಗಿ," ಎಂದು ನನಗೆ ಅಭಯವಿತ್ತರು. "ಪರ್ಸು ಕದಿಯೋರನ್ನ ನೋಡಿದ್ದೆ. ಸೂಜಿ ಕದ್ದೋರನ್ನ ಇವತ್ತೇ ನೋಡಿದ್ದು."

ಪುಟ್ಟರಾಜುವಿಗೆ ಅವನದೇ ಹೆಸರಿನ ಚೀಟಿಯಲ್ಲಿ ಸೂಜಿಯೂ ಮುಲಾಮೂ ಆಗಿ, ನಾವು ಮನೆ ಸೇರುವಷ್ಟರಲ್ಲಿ ಬಾಡಿನ ಸಾರು ಕುದಿದು ಹದವಾಗಿತ್ತು. ಪುಟ್ಟರಾಜು ನಡೆದದ್ದನ್ನೆಲ್ಲ ಅಕ್ಕನಿಗೆ ವರದಿ ಒಪ್ಪಿಸಿದ. ಜಯಮ್ಮ ಎಲ್ಲವನ್ನೂ ಕೇಳಿಸಿಕೊಂಡು ಎರಡು ತಟ್ಟೆ ತಂದಳು. ಅವನ ತಟ್ಟೆಯಲ್ಲಿ ಮುದ್ದೆ, ಬಾಡು. ನನ್ನ ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು.

ನಾಯಿ ಕಚ್ಚಿದವರು ಬಾಡು ಮುಟ್ಟಬಾರದೆಂಬುದು ನಮ್ಮ ಕಡೆಯ ಹಳೇ ಪಥ್ಯ.

"ಕಚ್ಚಿದ್ದು ಇವನಿಗೆ ಕಣೇ!" ಎಂದು ಗೋಗರೆದೆ.

"ಡಾಕ್ಟ್ರು ನಂಗೆ ಏನ್ ಬೇಕಾದ್ರೂ ತಿನ್ನಿ ಅಂದ್ರು ಭಾವ," ಎಂದ ಪುಟ್ಟರಾಜು, ಮೂಳೆ ಚೀಪುತ್ತ.

"ಅವ್ನು ಲಂಡನ್ನೋನು, ಅವ್ನಿಗೆ ಯಾವ ಪಥ್ಯ?" ಎಂದಳು ಜಯಮ್ಮ. "ಚೀಟೀಲಿ ನಾಯಿ ಕಚ್ಚಿರೋದು ತಿಮ್ಮೇಗೌಡ್ರಿಗೆ. ಸೂಜಿ ಚುಚ್ಚಿಸ್ಕೊಂಡೋರೂ ಅವ್ರೇ. ಸುಮ್ಕೆ ಉಣ್ಣಿ."

ಸರ್ಕಾರಿ ಆಸ್ಪತ್ರೆಯಲ್ಲಿ ಇಲ್ಲದ ಎರಡು ದರ ಕೊನೆಗೂ ನನ್ನ ಮನೆಯಲ್ಲೇ ಸಿಕ್ಕಿತು: ವಿದೇಶಿಯರಿಗೆ ಬಾಡು, ಸ್ಥಳೀಯರಿಗೆ ಸೊಪ್ಪು!

ಮೂಳೆಯಾದರೂ ದಕ್ಕೀತೆಂದು ಬಾಮೈದನ ತಟ್ಟೆಯ ಕಡೆ ನೋಡಿದೆ. ಅದು ಆಗಲೇ ಕರಿಯನ ಬಾಯಲ್ಲಿತ್ತು.